ಉಗ್ಗುವ ಮಗುವಿಗೆ ‘ನಿಧಾನ ಮಾತಾಡು’ ಅನ್ನಬೇಡಿ

‘ನಿಧಾನ ಪುಟ್ಟಾ, ಉಸಿರು ತಗೊಂಡು ಹೇಳು.’ ಉಗ್ಗುವ ಮಗುವಿಗೆ ನಾವೆಲ್ಲ ಪ್ರೀತಿಯಿಂದಲೇ ಹೇಳುವ ಮಾತು ಇದು. ದಯವಿಟ್ಟು ಇದನ್ನು ನಿಲ್ಲಿಸೋಣ. ಏನು ಹೇಳಬೇಕು ಅಂತ ಮಗುವಿಗೆ ಚೆನ್ನಾಗಿ ಗೊತ್ತಿರುತ್ತದೆ. ಮಾತು ಬಾಯಿಗೆ ಬಂದು ಸಿಕ್ಕಿಕೊಂಡಿರುತ್ತದೆ, ಅಷ್ಟೇ. ಆಗ ಸಲಹೆ ಕೊಟ್ಟರೆ, ತಾನು ಹೇಳುತ್ತಿರುವ ವಿಷಯ ಯಾರಿಗೂ ಬೇಕಿಲ್ಲ ಅಂತ ಅದಕ್ಕೆ ಅನಿಸುತ್ತದೆ.

ಉಗ್ಗು ಸಾಮಾನ್ಯವಾಗಿ 2ರಿಂದ 5 ವರ್ಷದೊಳಗೆ ಶುರುವಾಗುತ್ತದೆ. ನೂರಕ್ಕೆ ಸುಮಾರು 5 ಮಕ್ಕಳು ಯಾವಾಗಲಾದರೂ ಉಗ್ಗುತ್ತಾರೆ. ಜಾಸ್ತಿ ಮಕ್ಕಳಿಗೆ ಅದು ಹೋಗಿಬಿಡುತ್ತದೆ. ಯಾರಿಗೆ ಉಳಿಯುತ್ತದೆ ಅಂತ ಮೊದಲೇ ಖಚಿತವಾಗಿ ಹೇಳಲಾಗುವುದಿಲ್ಲ. ಹಾಗಾಗಿ ಕೆಲವು ತಿಂಗಳಾದರೂ ಹೋಗದಿದ್ದರೆ ಸುಮ್ನೆ ಕಾಯದೆ ಸ್ಪೀಚ್ ಥೆರಪಿಸ್ಟ್ ಹತ್ತಿರ ತೋರಿಸಿ. ಇನ್ನೊಬ್ಬರನ್ನು ಅಣಕಿಸಿದ್ದರಿಂದ ಉಗ್ಗು ಬರುವುದಿಲ್ಲ. ವಂಶವಾಹಿಗೂ, ಮಿದುಳು ಮಾತನ್ನು ಹೊಂದಿಸುವ ರೀತಿಗೂ ಸಂಬಂಧಪಟ್ಟದ್ದು ಅದು. ಅಪ್ಪ ಅಮ್ಮ ಬೆಳೆಸಿದ್ದರಲ್ಲಿ ತಪ್ಪು ಹುಡುಕುವವರ ಮಾತಿಗೆ ಕಿವಿ ಕೊಡಬೇಡಿ.

ಥೆರಪಿ ಅಂದರೆ ವಾರಕ್ಕೆ ಒಂದೋ ಎರಡೋ ಗಂಟೆ. ಮಗು ಮಾತಾಡುವುದೆಲ್ಲ ಮನೆಯಲ್ಲಿ, ಶಾಲೆಯಲ್ಲಿ. ಮನೆಯಲ್ಲಿ ಮಗುವಿನ ಮಾತು ಮುಗಿದ ಮೇಲೆ ಒಂದೆರಡು ಸೆಕೆಂಡ್ ಬಿಟ್ಟು ಉತ್ತರ ಕೊಡಿ. ನಿಧಾನ ಮಾಡಬೇಕಾದವರು ನಾವು. ಒಂದರ ಹಿಂದೆ ಒಂದು ಪ್ರಶ್ನೆ ಬೇಡ. ಅದು ತಡವರಿಸುವಾಗ ಪದ ನೀವೇ ಮುಗಿಸಿಕೊಡಬೇಡಿ. ನೆಂಟರ ಮುಂದೆ ‘ಪದ್ಯ ಹೇಳು’ ಅಂತ ಒತ್ತಾಯವೂ ಬೇಡ.

ನನಗೆ ಜಾಸ್ತಿ ಸಂಕಟ ಆಗುವುದು ತರಗತಿಯ ವಿಷಯದಲ್ಲಿ. ಸಾಲಾಗಿ ಎದ್ದು ಪಾಠ ಓದಿಸುತ್ತೇವಲ್ಲ, ಆಗ ಉಗ್ಗುವ ಮಗುವನ್ನು ಗಮನಿಸಿ. ಮುಂದಿರುವವರನ್ನು ಎಣಿಸಿ, ತನಗೆ ಬರುವ ಪ್ಯಾರಾ ಯಾವುದು ಅಂತ ಲೆಕ್ಕ ಹಾಕುತ್ತಿರುತ್ತದೆ. ಅದರಲ್ಲಿ ಕಷ್ಟದ ಅಕ್ಷರ ಎಲ್ಲಿದೆ ಅಂತ ಬೆರಳಿಟ್ಟು ಹುಡುಕುತ್ತದೆ. ಅಷ್ಟು ಹೊತ್ತು ಬೇರೆಯವರು ಓದಿದ್ದು ಒಂದೂ ಕಿವಿಗೆ ಬಿದ್ದಿರುವುದಿಲ್ಲ. ಸರದಿ ಬಂದಾಗ ‘ಗೊತ್ತಿಲ್ಲ ಮಿಸ್’ ಅಂದುಬಿಡುತ್ತದೆ. ಎಲ್ಲರ ಮುಂದೆ ಉಗ್ಗುವುದಕ್ಕಿಂತ ದಡ್ಡ ಅನ್ನಿಸಿಕೊಳ್ಳುವುದೇ ಅದಕ್ಕೆ ಸುಲಭ! ಇನ್ನು ‘ನಿನ್ನ ಹೆಸರೇನು’ ಅಂತ ಕೇಳಿದರಂತೂ ಮುಗೀತು. ಬೇರೆ ಪದವಾದರೆ ಬದಲಾಯಿಸಿ ತಪ್ಪಿಸಿಕೊಳ್ಳಬಹುದು, ಹೆಸರು ಬದಲಾಯಿಸೋಕಾಗುತ್ತಾ?

ಹಾಗಂತ ಆ ಮಗುವನ್ನು ಬಿಟ್ಟು ಮುಂದೆ ಹೋಗುವುದೂ ಸರಿಯಲ್ಲ. ಅದಕ್ಕೂ ಉತ್ತರ ಹೇಳುವ ಆಸೆ ಇರುತ್ತದೆ ಅಲ್ವಾ? ಬಿಡುವಿನಲ್ಲಿ ಒಬ್ಬನನ್ನೇ ಕರೆದು ಕೇಳಿ: ‘ಮೊದಲೇ ಓದಿಬಿಡ್ತೀಯಾ? ಇಲ್ಲಾ ಪಕ್ಕದವನ ಜೊತೆ ಸೇರಿ ಓದ್ತೀಯಾ?’ ಒಟ್ಟಿಗೆ ದನಿಗೂಡಿಸಿ ಓದುವಾಗ ಎಷ್ಟೋ ಮಕ್ಕಳು ಉಗ್ಗುವುದೇ ಇಲ್ಲ. ಇಡೀ ತರಗತಿಗೆ ಜೋಡಿ ಓದು ಮಾಡಿಸಿದರೆ ಇವನೊಬ್ಬ ಬೇರೆ ಅಂತ ಕಾಣುವುದೂ ಇಲ್ಲ. ಯಾರಾದರೂ ನಕ್ಕರೆ ಅಲ್ಲೇ ತಡೆಯಿರಿ. ಬಾಯಿಪಾಠ ಒಪ್ಪಿಸುವಾಗ ವೇಗಕ್ಕೆ ಅಂಕ ಕೊಡುವ ಪದ್ಧತಿ ನಿಮ್ಮ ಶಾಲೆಯಲ್ಲಿದ್ದರೆ, ಈ ಮಕ್ಕಳಿಗಾದರೂ ಅದನ್ನು ಕೈಬಿಡಿ.