ಪಂದಿಕರಿ ತಿಂದರೆ ವಿಟಮಿನ್ ಬಿ12 ಕೊರತೆ ಬರಲ್ವಾ?

"ಮಾಂಸ ತಿನ್ನುವ ಕೊಡಗಿನವರಿಗೆ ಬಿ12 ಕೊರತೆ ಬರಲ್ಲ, ಹಿರಿಯರ ಮರೆವು ಬರೀ ವಯಸ್ಸಿನದು" ಅನ್ನೋ ಫಾರ್ವರ್ಡ್ ಓಡಾಡುತ್ತಿದೆ. ಇದು ತಪ್ಪು.

ನರಕ್ಕೂ ರಕ್ತಕ್ಕೂ ಬೇಕಾದ ಈ ಬಿ12 ಪಂದಿಕರಿಯಲ್ಲಿ (ಕೊಡಗಿನ ಹಂದಿಮಾಂಸದ ಅಡುಗೆ) ಇದೆ, ನಿಜ. ಆದರೆ ತಿಂದದ್ದು ಮೈಗೆ ಸೇರಬೇಕಲ್ವಾ? ವಯಸ್ಸಾದಂತೆ ಹಲವರ ಹೊಟ್ಟೆಗೆ ಅದನ್ನು ಹೀರಿಕೊಳ್ಳುವ ಶಕ್ತಿ ಕುಗ್ಗುತ್ತದೆ. ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್, ಗ್ಯಾಸ್ಟ್ರಿಕ್ ಮಾತ್ರೆ ವರ್ಷಗಟ್ಟಲೆ ತೆಗೆದುಕೊಂಡರೂ ಹಾಗೇ.

ಕಾಫಿ ಕಣದಲ್ಲಿ ನಡೆಯುವಾಗ ಚಪ್ಪಲಿ ಜಾರಿದ್ದೂ ಅಜ್ಜಿಗೆ ಗೊತ್ತಾಗುತ್ತಿಲ್ಲವೇ? ಪಾದ ಜೋಮು, ಕತ್ತಲಲ್ಲಿ ತೂರಾಟ, ಜಾಸ್ತಿ ಮರೆವು? ಇವು ಬಿ12 ಕೊರತೆಯ ಲಕ್ಷಣಗಳಿರಬಹುದು. ಎಲ್ಲ ಮರೆವೂ ಬಿ12ನಿಂದಲ್ಲ, ಆದರೂ ರಕ್ತ ಪರೀಕ್ಷೆ ಮಾಡಿಸಿ. ಕೊರತೆಯಿದ್ದರೆ ವೈದ್ಯರು ಇಂಜೆಕ್ಷನ್ ಅಥವಾ ಮಾತ್ರೆ ಕೊಡುತ್ತಾರೆ. ತಡವಾದರೆ ನರದ ಹಾನಿ ಹಾಗೇ ಉಳಿಯಬಹುದು.

ಸುಮ್ನೆ ಫೋಲಿಕ್ ಆಸಿಡ್ (ಇನ್ನೊಂದು ಬಿ ವಿಟಮಿನ್) ಒಂದನ್ನೇ ನುಂಗಬೇಡಿ. ಬಿ12 ಕೊರತೆಯಿಂದಾದ ರಕ್ತಹೀನತೆ ಸರಿಯಾದಂತೆ ಕಾಣುತ್ತದೆ, ಆದರೆ ನರದ ಹಾನಿ ಒಳಗೊಳಗೇ ಮುಂದುವರಿಯುತ್ತದೆ.