ಕೋಳಿಗೆ ಇರುವ ಭಾಗ್ಯ

'ಡಿಜೆ ನಿಷೇಧಿಸಲಾಗಿದೆ' ಅಂತ ಹಬ್ಬದ ಹಿಂದಿನ ದಿನ ನಮ್ಮ ಬೀದಿಯಲ್ಲಿ ಒಂದು ಆಟೊ ಕೂಗಿಕೊಂಡು ಹೋಯಿತು. ಮುಂದೊಂದು ಮೈಕು, ಹಿಂದೊಂದು ಮೈಕು. ಮಲಗಿದ್ದ ಮಗು ಎದ್ದು ಅತ್ತಿತು. ನಿಷೇಧ ಎಷ್ಟು ಜೋರಾಗಿದೆ ಅಂತ ಬಳ್ಳಾರಿಗೆಲ್ಲ ಕೇಳಿಸಿತು.

ಮುಂದಿನದು ನಿಮಗೆ ಗೊತ್ತೇ ಇದೆ. ಐದನೇ ದಿನ ಗಣಪ ಹೊರಟ. ಜೊತೆಗೆ ಲಾರಿ, ಲಾರಿ ತುಂಬ ಆಳೆತ್ತರದ ಪೆಟ್ಟಿಗೆಗಳು. ರಾಯಲ್ ಸರ್ಕಲ್ ಹತ್ತಿರ ಅಂಗಡಿ ಶಟರುಗಳೇ ತಾಳ ಹಾಕುತ್ತಿದ್ದವು. ಅದನ್ನು ಡಿಜೆ ಅನ್ನಬಾರದಂತೆ. 'ಸೌಂಡ್ ಸಿಸ್ಟಮ್ ಅಂಕಲ್, ಪರ್ಮಿಷನ್ ಐತಿ' ಅಂದ ಒಬ್ಬ ಹುಡುಗ. ಅಂದ ಅಂತ ಅವನ ಬಾಯಿ ನೋಡಿ ತಿಳಕೊಂಡೆ.

ಮೂರು ದಿನವಾದರೂ ಕಿವಿಯಲ್ಲಿ ಗುಂಯ್ ನಿಲ್ಲಲಿಲ್ಲ. ಡಾಕ್ಟರ ಹತ್ತಿರ ಹೋದೆ. 'ನೀವು ಕೋಳಿ ಆಗಿದ್ರೆ ಚಿಂತಿ ಇರ್ತಿರ್ಲಿಲ್ಲ ಸಾರ್' ಅಂದರು. ಸರಿಯಾಗಿ ಕೇಳಿಸಿತಾ ಅಂತ ಇನ್ನೊಮ್ಮೆ ಕೇಳಿದೆ. ಕೋಳಿಯೇ.

ವಿಷಯ ಇಷ್ಟು. ಒಳಗಿವಿಯಲ್ಲಿ ಬಸವನಹುಳದ ಚಿಪ್ಪಿನಂಥ ಒಂದು ಸುರುಳಿ ಇದೆ. ಅದರೊಳಗೆ ಸದ್ದು ಹಿಡಿಯುವ ರೋಮಕೋಶಗಳು, ಒಂದು ಕಿವಿಗೆ ಸುಮಾರು 15,000. ಹುಟ್ಟುವಾಗ ತಂದದ್ದೇ ಗಂಟು, ಸತ್ತರೆ ಮತ್ತೆ ಹುಟ್ಟುವುದಿಲ್ಲ. ಕೋಳಿಗಾದರೆ ಕೆಲವೇ ವಾರಗಳಲ್ಲಿ ಹೊಸದು ಬರುತ್ತದೆ. ಇದು 1980ರ ದಶಕದಲ್ಲೇ ಗೊತ್ತಾದ ಸಂಗತಿ.

ಇದರ ಹಿಂದಿನ ರಾಜಕೀಯವನ್ನು ಬಳ್ಳಾರಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಕಿವಿ ರೂಪುಗೊಳ್ಳುವಾಗ ಒಂದು ಕೋಶ ರೋಮಕೋಶವಾಗಲು ಹೊರಡುತ್ತದೆ. ಅದು ತನ್ನ ಮೈಮೇಲೆ ಡೆಲ್ಟಾ ಎಂಬ ಪ್ರೋಟೀನು ತೋರಿಸುತ್ತದೆ. ಪಕ್ಕದ ಕೋಶದ ಮೈಮೇಲೆ ನಾಚ್ ಎಂಬ ಇನ್ನೊಂದು ಪ್ರೋಟೀನು. (ರೆಕ್ಕೆಯ ಅಂಚು ಕಚ್ಚು ಬಿದ್ದ ಹಣ್ಣಿನ ನೊಣ ನೋಡಿ ಇಟ್ಟ ಹೆಸರು. ಬಾಳೆಹಣ್ಣಿನ ಗಾಡಿ ಮೇಲೆ ಹಾರಾಡುತ್ತಲ್ಲ, ಅದೇ ನೊಣ.) ಡೆಲ್ಟಾ ಬಂದು ಹಿಡಿದರೆ ನಾಚ್‌ನ ಒಂದು ತುಂಡು ಕಡಿದು ಕೋಶದೊಳಗೆ ಹೋಗಿ, ಆ ಕೋಶದ ಟಿಕೆಟ್ ಅರ್ಜಿಯನ್ನೇ ಹರಿದುಹಾಕುತ್ತದೆ. 'ಟಿಕೆಟ್ ನನಗೆ, ನೀನು ಕಾರ್ಯಕರ್ತನಾಗಿರು.' ಹೀಗೆ ಒಬ್ಬ ನಾಯಕ, ಸುತ್ತ ಬಾವುಟ ಹಿಡಿದ ಆಸರೆಕೋಶಗಳು.

ಕೋಳಿಯಲ್ಲಿ ನಾಯಕ ಸತ್ತರೆ ಕಾರ್ಯಕರ್ತ ಎದ್ದು ಆ ಜಾಗ ತುಂಬುತ್ತಾನೆ. ನಮ್ಮ ಕಿವಿಯಲ್ಲಿ ನಾಯಕ ಹೋಗಿ ವರ್ಷಗಳಾದರೂ ಕಾರ್ಯಕರ್ತ ಬಾವುಟ ಹಿಡಿದೇ ನಿಂತಿರುತ್ತಾನೆ. ನಾಚ್ ಬಾಯಿ ಮುಚ್ಚಿಸುವ ಮದ್ದನ್ನು ಮನುಷ್ಯರ ಕಿವಿಗೂ ಹಾಕಿ ನೋಡಿದ್ದಾರೆ. ಹೇಳಿಕೊಳ್ಳುವಂಥ ಫಲ ಸಿಕ್ಕಿಲ್ಲ. ಇಷ್ಟು ನಿಷ್ಠೆಯ ಕಾರ್ಯಕರ್ತರು ಯಾವ ಪಕ್ಷಕ್ಕೂ ಸಿಕ್ಕಿರಲಾರರು.

ಕಾನೂನೂ ಇದೆ ಸ್ವಾಮಿ, ಇಲ್ಲ ಅನ್ನಬೇಡಿ. 2000ನೇ ಇಸವಿಯ ನಿಯಮ. ಮನೆಗಳಿರುವ ಕಡೆ ಹಗಲು 55 ಡೆಸಿಬಲ್, ರಾತ್ರಿ 45. ರಾತ್ರಿ 10ರ ಮೇಲೆ ಮೈಕು ಬಂದ್. ಹಬ್ಬಹರಿದಿನಕ್ಕೆ ವರ್ಷಕ್ಕೆ 15 ದಿನ ಮೀರದಂತೆ ಸರ್ಕಾರ 12 ಗಂಟೆವರೆಗೆ ರಿಯಾಯಿತಿ ಕೊಡಬಹುದು. ರೋಮಕೋಶಕ್ಕೆ ಈ ಸುತ್ತೋಲೆ ತಲುಪಿಲ್ಲ. ಅದರ ಲೆಕ್ಕವೇ ಬೇರೆ. 85 ಡೆಸಿಬಲ್ ಆದರೆ 8 ಗಂಟೆ ತಡೆಯುತ್ತದೆ. ಪ್ರತಿ 3 ಡೆಸಿಬಲ್ ಏರಿದಾಗ ಅವಧಿ ಅರ್ಧಕ್ಕೆ ಇಳಿಯುತ್ತದೆ. 100ಕ್ಕೆ ಬಂದರೆ ಬರೀ 15 ನಿಮಿಷ. ಲಾರಿ ನಮ್ಮ ಸರ್ಕಲ್ಲಿನಲ್ಲೇ ಮುಕ್ಕಾಲು ಗಂಟೆ ನಿಂತಿತ್ತು. ಅದರ ಮುಂದೆ ಪೊಲೀಸರೂ ನಿಂತಿದ್ದರು, ಪಾಪ, ಅವರ ಕಿವಿಯಲ್ಲೂ ಅಷ್ಟೇ 15,000.

ಸಾಕಾಗಿದೆ. ಪ್ರತಿ ವರ್ಷ ಅದೇ ಶಾಂತಿ ಸಭೆ, ಅದೇ ಆದೇಶ, ಅದೇ ಲಾರಿ. ಆ ಪೆಟ್ಟಿಗೆ ಮುಂದೆ ಹತ್ತು ವರ್ಷದ ಮಕ್ಕಳು ಕುಣಿಯುತ್ತಿದ್ದರು. ಅವರಿಗೆ ಮೂವತ್ತಾಗುವಷ್ಟರಲ್ಲಿ ಎದುರಿಗಿದ್ದವರು ಎರಡೆರಡು ಸಲ ಹೇಳಬೇಕಾಗುತ್ತದೆ. ಆಗ ಯಾರನ್ನು ಕೇಳೋದು? ಪರ್ಮಿಷನ್ ಕೊಟ್ಟವರು ಅಷ್ಟರಲ್ಲಿ ರಿಟೈರ್ ಆಗಿರುತ್ತಾರೆ.

ನಾಡಿದ್ದು ಹನ್ನೊಂದನೇ ದಿನದ ಗಣಪ ನಮ್ಮ ಬೀದಿಯಲ್ಲೇ ಹಾದುಹೋಗುತ್ತಾನೆ. ಪಕ್ಕದ ಮನೆಯವರು ತಮ್ಮ ಕೋಳಿಗಳನ್ನು ಬುಟ್ಟಿಯಲ್ಲಿ ಹಾಕಿ ಹಳ್ಳಿಗೆ ಕಳಿಸಿದ್ದಾರೆ. ಸದ್ದಿಗೆ ಬೆದರಿ ಮೊಟ್ಟೆ ಇಡೋದಿಲ್ಲವಂತೆ. ಅಜ್ಜಿ ಮಾತ್ರ ಇಲ್ಲೇ ಇದ್ದಾರೆ.