ಮೂರು ಅರ್ಧ ಲಾರಿ

ಕಳೆದ ವಾರ ಕುಮಟಾದ ನಮ್ಮ ಇಂಡಸ್ಟ್ರಿಯಲ್ ಎಸ್ಟೇಟಿನಿಂದ ಒಂದೇ ದಿನ ಹುಬ್ಬಳ್ಳಿಗೆ ಮೂರು ಲಾರಿ ಹೋದವು. ಮೂರರಲ್ಲೂ ಗೇರುಬೀಜದ ಡಬ್ಬ. ಮೂರೂ ಅರ್ಧ ಖಾಲಿ. ಅರಬೈಲ್ ಘಟ್ಟ ಹತ್ತುವ ಮೊದಲು ಡ್ರೈವರುಗಳು ಒಂದೇ ಹೋಟೆಲಿನಲ್ಲಿ ಚಾ ಕುಡಿದರಂತೆ, ಹಾಗಾಗಿ ಗೊತ್ತಾಯಿತು. ಪೂರ್ತಿ ಬಾಡಿಗೆ ಕೊಟ್ಟ ನಾವು ಮೂವರೂ ಅಕ್ಕಪಕ್ಕದ ಶೆಡ್ಡಿನವರು.

ವಾಟ್ಸಾಪ್ ಗ್ರೂಪ್ ಇದೆ. ಗುಡ್ ಮಾರ್ನಿಂಗ್, ಗಣಪತಿ ಫೋಟೊ ಎಲ್ಲ ಬರುತ್ತದೆ. ಲಾರಿ ಸುದ್ದಿ ಮಾತ್ರ ಇಲ್ಲ. ಲಾರಿ ಅಂದರೆ ಪಾರ್ಟಿ, ಅಂದರೆ ಕೊಳ್ಳುವವರು, ಯಾರು ಅಂತ ತಿಳಿಯುತ್ತದೆ, ಪಾರ್ಟಿ ತಿಳಿದರೆ ರೇಟು ಮುರಿಯುತ್ತಾರೆ ಅನ್ನುವ ಹೆದರಿಕೆ. ನನಗೂ ಇದೆ, ಸುಳ್ಳು ಯಾಕೆ?

ಹಾಗಂತ ಗುಟ್ಟು ಉಳಿಯುತ್ತದಾ? ಬೀಜದ ಸಿಪ್ಪೆ ಬಿಡಿಸುವ ಪೀಲಿಂಗಿಗೆ ಬರುವ ಹೆಂಗಸರೆಲ್ಲ ಒಂದೇ ಟೆಂಪೊದಲ್ಲಿ ಬರುತ್ತಾರೆ. ಎಲ್ಲಿ ಆಫ್ರಿಕಾದ ಬೀಜ ಬಂದಿದೆ, ಎಲ್ಲಿ ಕೂಲಿ ಬಾಕಿ, ಎಲ್ಲ ಬಾಯಿಪಾಠ. ಹೋದ ವರ್ಷ ನನ್ನ ಬಾಯ್ಲರ್ ಕೈಕೊಟ್ಟಾಗ, ಪಕ್ಕದವರದ್ದು ಎರಡು ದಿನ ಸುಮ್ನೆ ನಿಂತಿದೆ ಅಂತ ಹೇಳಿದ್ದು ಅವರಲ್ಲೊಬ್ಬ ಅಕ್ಕ. "ಕೇಳಿ ನೋಡಿ ಒಡೆಯಾ, ಇಲ್ಲ ಅನ್ನೂದಿಲ್ಲ." ಕೇಳಿದೆ. ಇಲ್ಲ ಅನ್ನಲಿಲ್ಲ.

ಶಿರಸಿಯ ಅಡಿಕೆ ಟೆಂಡರ್ ನೋಡಿದ್ದೀರಲ್ಲ? ರಾಶಿ, ಚಾಲಿ, ಬೆಟ್ಟೆ, ಕೆಂಪುಗೋಟು ಎಂಬ ಅಡಿಕೆಯ ಬಗೆ ಅಂದರೆ ಬೆಳೆದವನಿಗೂ ಕೊಳ್ಳುವವನಿಗೂ ಒಂದೇ ಅರ್ಥ. ನಮ್ಮಲ್ಲೂ ಅಷ್ಟಿದೆ. ಡಬ್ಲ್ಯೂ 320 ಅಂದರೆ ಪೌಂಡಿಗೆ 300ರಿಂದ 320 ಬೀಜ, ಯಾರೂ ತಕರಾರು ಮಾಡುವುದಿಲ್ಲ. ಆದರೆ ಅಲ್ಲಿ ಇನ್ನೊಂದಿದೆ. ವ್ಯಾಪಾರಿ ತನ್ನ ದರವನ್ನು ಗುಟ್ಟಾಗಿ ಬರೆಯುತ್ತಾನೆ. ಟೆಂಡರ್ ತೆರೆದ ಮೇಲೆ ಅದು ಇಡೀ ಪೇಟೆಯ ಸುದ್ದಿ. ಗುಟ್ಟಿಗೂ ಒಂದು ಹೊತ್ತು ಇಟ್ಟಿದ್ದಾರೆ. ಅಲ್ಲಿನ ಬೆಳೆಗಾರರ ಸಹಕಾರ ಸಂಘ ತೋಟಗಾರ್ಸ್ ಸೊಸೈಟಿ ಶುರುವಾದದ್ದೇ 1923ರಲ್ಲಿ, ಪಳಗಿದ ಪೇಟೆ ಅದು. ನಾವು ಮಾತ್ರ ಹೋಗಿ ಮುಟ್ಟಿದ ಲಾರಿಯನ್ನೂ ಮುಚ್ಚಿಡುತ್ತೇವೆ.

ಕೇಂದ್ರ ಸರ್ಕಾರದ ಕ್ಲಸ್ಟರ್ ಯೋಜನೆ ಇದೆಯಲ್ಲ, ಎಲ್ಲರಿಗೂ ಸೇರಿದ ಯಂತ್ರ, ಲ್ಯಾಬ್‌ಗೆ ದುಡ್ಡು ಕೊಡುವುದು, ಅದಕ್ಕೆ ಹಲವು ಘಟಕ ಸೇರಿ ಒಂದು ಸಂಸ್ಥೆ ಕಟ್ಟಬೇಕು. ಲಾರಿ ಹಂಚಿಕೊಳ್ಳದವರು ಯಂತ್ರ ಹಂಚಿಕೊಳ್ಳುತ್ತೇವಾ? ಆ ಬಗ್ಗೆ ನಡೆದ ಮೀಟಿಂಗಿನಲ್ಲಿ ಬಿಸ್ಕಿಟ್ ಮಾತ್ರ ಖಾಲಿಯಾಯಿತು.

ನಾನೊಂದು ಕರಿ ಹಲಗೆ ತರಿಸಿ ಗೇಟಿನಲ್ಲಿ ತೂಗುಹಾಕಿದ್ದೇನೆ. ಬರೆಯಬೇಕಾದ್ದು ಯಾವ ಊರು, ಯಾವ ದಿನ, ಎಷ್ಟು ಡಬ್ಬಕ್ಕೆ ಜಾಗ. ಪಾರ್ಟಿ ಹೆಸರು ಬೇಡ, ರೇಟು ಬೇಡ. "ಬುಧವಾರ, ಬೆಳಗಾವಿ, 60 ಡಬ್ಬ" ಅಂತ ಬರೆದು ಎರಡು ದಿನ ಆಯಿತು. ಮಾಲೀಕರು ಯಾರೂ ಹತ್ತಿರ ಬಂದಿಲ್ಲ. ಇವತ್ತು ಬೆಳಿಗ್ಗೆ ಟೆಂಪೊ ಇಳಿದ ಅಕ್ಕಂದಿರು ನಿಂತು ಓದಿಕೊಂಡು ಹೋದರು.